ಕೊಟ್ಟವರ ಉಸಿರಿರುವ ತನಕ



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಎರಡು ಷರತ್ತು ಬರೆದಿಟ್ಟಿದ್ದಾರೆ. ಉಪನ್ಯಾಸ ಕನ್ನಡದಲ್ಲಿರಬೇಕು. ಕೇಳಿದವರಿಗೆ ಮಾರನೆಯ ದಿನವೇ ಅದು ಉಪಯೋಗಕ್ಕೆ ಬರಬೇಕು. ಎರಡನೆಯ ಷರತ್ತು ಓದಿದ ಕೂಡಲೇ ನನಗೆ ಹೊಳೆದ ವಿಷಯ ಪವರ್ ಆಫ್ ಅಟಾರ್ನಿ. ಹಿಂದಿನವರು ಮುಖ್ತ್ಯಾರ್‌ನಾಮೆ ಎನ್ನುತ್ತಿದ್ದರು, ಸರ್ಕಾರಿ ಕನ್ನಡದಲ್ಲಿ ಅದು ಅಧಿಕಾರ ಪತ್ರ, ನಮ್ಮ ನಿಮ್ಮ ಬಾಯಲ್ಲಿ ಜಿಪಿಎ.

ಜಯನಗರ, ಬನಶಂಕರಿ, ಜೆ.ಪಿ. ನಗರದ ಈ ಭಾಗದಲ್ಲಿ ವಕೀಲಿ ಮಾಡಿಕೊಂಡು ಬಂದ ನನ್ನ ಮುಂದೆ ಈ ಕಾಗದ ಹಿಡಿದು ಕೂತವರಲ್ಲಿ ಎರಡು ಬಗೆಯವರಿದ್ದಾರೆ. ಮೊದಲನೆಯವರು ವಯಸ್ಸಾದ ತಂದೆ ತಾಯಿ. ಮಕ್ಕಳು ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುತ್ತಾರೆ, ಇಲ್ಲಿ ಮನೆ, ಬಾಡಿಗೆದಾರರು, ಬ್ಯಾಂಕು, ತೆರಿಗೆ ಎಲ್ಲವೂ ಇವರ ತಲೆಯ ಮೇಲೆ. ‘ಮಗನ ಹೆಸರಿಗೆ ಒಂದು ಜಿಪಿಎ ಮಾಡಿಬಿಟ್ಟರೆ ನಿಶ್ಚಿಂತೆ ಅಲ್ವಾ ಸಾರ್’ ಎಂದು ಕೇಳುತ್ತಾರೆ. ಎರಡನೆಯವರು ಮೂವತ್ತು ನಲವತ್ತು ವರ್ಷದ ಹಿಂದೆ ಒಂದು ಸೈಟಿಗೆ ದುಡ್ಡು ಕೊಟ್ಟು, ಕ್ರಯಪತ್ರದ ಬದಲು ಜಿಪಿಎ, ಒಂದು ಕರಾರು, ಒಂದು ಅಫಿಡವಿಟ್ಟು ಪಡೆದು ಬೀರುವಿನಲ್ಲಿ ಇಟ್ಟುಕೊಂಡವರು. ‘ಕಾಗದ ಭದ್ರವಾಗಿದೆ, ಹರಿದಿಲ್ಲ’ ಎಂದು ತೋರಿಸುತ್ತಾರೆ. ಕಾಗದ ಭದ್ರವಾಗಿರುವುದು ನಿಜ. ಆದರೆ ಅದರೊಳಗಿನ ಅಧಿಕಾರ ಕಾಗದದಲ್ಲಿಲ್ಲ. ಅದನ್ನು ಕೊಟ್ಟ ಮನುಷ್ಯನ ಉಸಿರಿನಲ್ಲಿದೆ, ಅವನ ಬುದ್ಧಿಯ ಸ್ಥಿಮಿತದಲ್ಲಿದೆ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದನ್ನೇ. ಸಹಿ ಯಾರ ಮುಂದೆ ಆಗಬೇಕು, ಛಾಪಾ ಎಷ್ಟು ಕಟ್ಟಬೇಕು ಎಂಬ ನಿಯಮಗಳೆಲ್ಲ ಇದರ ಸುತ್ತ ನಿಂತಿವೆ.

ಬೇರೆ ಊರಿನ ಉದಾಹರಣೆ ಬೇಕಾಗಿಲ್ಲ. ಕೋಣನಕುಂಟೆ ಕ್ರಾಸ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಚುಂಚಘಟ್ಟ ದೂರವಿಲ್ಲ. ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿಯ ಹಳ್ಳಿ ಅದು. ಅಲ್ಲಿಯ ಒಂದು ಸೈಟಿನ ಮಾಲೀಕರು 1986ರ ಏಪ್ರಿಲ್ 4ರಂದು ಒಬ್ಬ ಮಹಿಳೆಗೆ ಎರಡು ಕಾಗದ ಬರೆದುಕೊಟ್ಟರು. ಒಂದು, ‘ರದ್ದುಮಾಡಲಾಗದ’ ಎಂದು ಹೆಸರಿಟ್ಟ ಜನರಲ್ ಪವರ್ ಆಫ್ ಅಟಾರ್ನಿ. ಇನ್ನೊಂದು, ನೋಂದಣಿ ಆಗದ ಕ್ರಯದ ಕರಾರು. ಕೈ ಬದಲಾದ ಹಣ 10,250 ರೂಪಾಯಿ. ಹತ್ತು ವರ್ಷಕ್ಕೂ ಮೇಲೆ ಕಾಗದ ಹಾಗೆಯೇ ಇತ್ತು. 1997ರ ಜನವರಿ 30ರಂದು ಮಾಲೀಕರು ತೀರಿಕೊಂಡರು. ಆಮೇಲೆ, 1998ರ ಏಪ್ರಿಲ್ 1ರಂದು, ಆ ಮಹಿಳೆ ಅದೇ ಜಿಪಿಎ ಬಲದ ಮೇಲೆ ತಮ್ಮ ಮಗನಿಗೆ 84,000 ರೂಪಾಯಿಗೆ ಕ್ರಯಪತ್ರ ಮಾಡಿಕೊಟ್ಟರು. ಅದು ನೋಂದಣಿಯೂ ಆಯಿತು.

ಇತ್ತ ತೀರಿಕೊಂಡ ಮಾಲೀಕರ ವಾರಸುದಾರರು 2003ರಲ್ಲಿ ಅದೇ ಸೈಟನ್ನು ಬೇರೊಬ್ಬರಿಗೆ ಮಾರಿದರು. ಕೊಂಡವರು ಅದೇ ವರ್ಷ ಇನ್ನೊಬ್ಬರಿಗೆ ಮಾರಿದರು. ಅವರು 2004ರಲ್ಲಿ ಮಗಳಿಗೆ ದಾನಪತ್ರ ಬರೆದರು. ಈಗ ಒಂದೇ ಸೈಟಿಗೆ ಎರಡು ಮನೆಯವರು, ಇಬ್ಬರ ಕೈಯಲ್ಲೂ ನೋಂದಣಿಯಾದ ಪತ್ರ. ದಾನ ಪಡೆದ ಮಗಳು 2007ರಲ್ಲಿ ದಾವೆ ಹೂಡಿದರು. ಕೆಳಗಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು, ಹೈಕೋರ್ಟು ಎತ್ತಿಹಿಡಿಯಿತು. 2025ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠವೂ ಅದನ್ನೇ ಉಳಿಸಿತು. 1986ರಲ್ಲಿ ದುಡ್ಡು ಕೊಟ್ಟ ಮನೆಯವರು ಸೋತರು.

ಏಕೆ ಸೋತರು? ದುಡ್ಡು ಕೊಟ್ಟಿದ್ದು ಸುಳ್ಳೆಂದಲ್ಲ. ಭಾರತೀಯ ಕರಾರು ಕಾಯ್ದೆ 1872ರ ಕಲಂ 201ರ ಪ್ರಕಾರ, ಅಧಿಕಾರ ಕೊಟ್ಟವರು ಸತ್ತರೆ, ಇಲ್ಲವೆ ಬುದ್ಧಿಸ್ಥಿಮಿತ ಕಳೆದುಕೊಂಡರೆ, ಆ ಅಧಿಕಾರ ಅಲ್ಲಿಗೆ ಮುಗಿಯುತ್ತದೆ. ಇದಕ್ಕೆ ಒಂದು ವಿನಾಯಿತಿ ಕಲಂ 202ರಲ್ಲಿದೆ. ಅಧಿಕಾರ ಪಡೆದವನಿಗೆ ಆ ಆಸ್ತಿಯಲ್ಲಿಯೇ ಒಂದು ಹಿತಾಸಕ್ತಿ ಇದ್ದರೆ ಅದು ಸಾವಿನಿಂದ ಮುಗಿಯುವುದಿಲ್ಲ. ಕಾಯ್ದೆಯಲ್ಲೇ ಕೊಟ್ಟ ಉದಾಹರಣೆ ಹೀಗಿದೆ: ನಾನು ನಿಮಗೆ ಸಾಲ ತೀರಿಸಬೇಕು. ನನ್ನ ಜಮೀನು ಮಾರಿ, ಬಂದ ಹಣದಲ್ಲಿ ನಿಮ್ಮ ಬಾಕಿ ಮುರಿದುಕೊಳ್ಳಿ ಎಂದು ಅಧಿಕಾರ ಕೊಟ್ಟಿದ್ದೇನೆ. ಇದನ್ನು ನಾನು ಹಿಂದಕ್ಕೆ ಪಡೆಯುವ ಹಾಗಿಲ್ಲ, ನನ್ನ ಸಾವೂ ಇದನ್ನು ಮುಗಿಸುವುದಿಲ್ಲ. 1986ರಲ್ಲಿ ದುಡ್ಡು ಕೊಟ್ಟವರು ತಮ್ಮದೂ ಇಂಥದ್ದೇ ಎಂದು ವಾದಿಸಿದರು. ಎರಡು ಕಾಗದವೂ ಒಂದೇ ದಿನದವು, ಒಟ್ಟಿಗೆ ಓದಿ ಎಂದರು. ನ್ಯಾಯಾಲಯ ಒಪ್ಪಲಿಲ್ಲ. ‘ರದ್ದುಮಾಡಲಾಗದ’ ಎಂದು ತಲೆಬರಹ ಹಾಕಿದ ಮಾತ್ರಕ್ಕೆ ಅದು ಹಾಗಾಗುವುದಿಲ್ಲ, ಒಳಗೆ ಏನಿದೆ ಎಂಬುದು ಮುಖ್ಯ. ಒಳಗೆ ಇದ್ದದ್ದು ಮಾಲೀಕರ ಪರವಾಗಿ ಸೈಟು ನೋಡಿಕೊಳ್ಳುವ, ಮಾರುವ ಸಾಮಾನ್ಯ ಅಧಿಕಾರ ಮಾತ್ರ. ಕ್ರಯದ ಕರಾರು ತನ್ನಷ್ಟಕ್ಕೆ ಆಸ್ತಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 54 ಹೇಳುತ್ತದೆ. ಹಾಗಾಗಿ 1997ರ ಜನವರಿಯಲ್ಲಿ ಮಾಲೀಕರ ಉಸಿರು ನಿಂತಾಗ ಅಧಿಕಾರವೂ ನಿಂತಿತು. 1998ರ ಕ್ರಯಪತ್ರಕ್ಕೆ ಸಹಿ ಮಾಡಿದ ಕೈಗೆ ಆಗ ಯಾವ ಬಲವೂ ಇರಲಿಲ್ಲ.

ನನ್ನನ್ನು ಈ ಪ್ರಕರಣದಲ್ಲಿ ಹಿಡಿದು ನಿಲ್ಲಿಸುವುದು ಮಧ್ಯದ ಆ ಹತ್ತು ವರ್ಷ. ಮಾಲೀಕರು ಬದುಕಿದ್ದ ಒಂದೇ ಒಂದು ದಿನ, ಅದೇ ಜಿಪಿಎ ಬಳಸಿ ಅದೇ ಕ್ರಯಪತ್ರ ನೋಂದಣಿ ಆಗಿದ್ದಿದ್ದರೆ ಕಥೆಯೇ ಬೇರೆ. ಈ ಸಭೆಯಲ್ಲಿ ಯಾರ ಮನೆಯ ಬೀರುವಿನಲ್ಲಾದರೂ ಅಂಥ ಕಾಗದ ಇದ್ದರೆ, ದಯವಿಟ್ಟು ನಾಳೆ ಬೆಳಿಗ್ಗೆ ಮೊದಲು ವಿಚಾರಿಸಬೇಕಾದದ್ದು ಸೈಟಿನ ಬೆಲೆಯನ್ನಲ್ಲ, ಬರೆದುಕೊಟ್ಟವರು ಹೇಗಿದ್ದಾರೆ ಎಂಬುದನ್ನು. ಅವರು ಬದುಕಿದ್ದರೆ ಅವರಿಂದಲೇ ಕ್ರಯಪತ್ರ ಮಾಡಿಸಿಕೊಳ್ಳಿ. ಹೋಗಿದ್ದರೆ ಅವರ ವಾರಸುದಾರರನ್ನೆಲ್ಲ ಕಂಡು, ಒಬ್ಬರನ್ನೂ ಬಿಡದೆ ಸಹಿ ಪಡೆಯುವ ದಾರಿ ನೋಡಬೇಕು.

ಜಿಪಿಎ ಮಾರಾಟವಲ್ಲ ಎಂಬ ಮಾತು 2025ರಲ್ಲಿ ಹೊಸದಾಗಿ ಹುಟ್ಟಿದ್ದೇನಲ್ಲ. 2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಕ್ಕೇ ಕೇಳುವಂತೆ ಹೇಳಿತ್ತು. ಆ ತೀರ್ಪನ್ನು ಬರೆದವರು ನಮ್ಮವರೇ, ಬೆಂಗಳೂರಿನಲ್ಲಿ ವಕೀಲಿ ಮಾಡಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಅವರು ನಿವೃತ್ತರಾಗುವುದಕ್ಕೆ ಇನ್ನು ಕೆಲವೇ ದಿನಗಳಿದ್ದವು. ಜಿಪಿಎ, ಕರಾರು, ಉಯಿಲು ಈ ಮೂರನ್ನು ಜೋಡಿಸಿ ಮಾಡುವ ವ್ಯವಹಾರದಿಂದ ಹಕ್ಕು ವರ್ಗಾವಣೆ ಆಗುವುದಿಲ್ಲ ಎಂದು ಅದರಲ್ಲಿ ಸ್ಪಷ್ಟಪಡಿಸಿದರು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಗಂಡ, ಹೆಂಡತಿ, ಮಗ, ಮಗಳು, ಒಡಹುಟ್ಟಿದವರು, ಬಂಧುಗಳು ಇವರಿಗೆ ತಮ್ಮ ವ್ಯವಹಾರ ನೋಡಿಕೊಳ್ಳಲು, ಕ್ರಯಪತ್ರ ಮಾಡಿಕೊಡಲು ಪ್ರಾಮಾಣಿಕವಾಗಿ ಕೊಡುವ ಅಧಿಕಾರ ಪತ್ರಕ್ಕೆ ಇದರಿಂದ ಯಾವ ಧಕ್ಕೆಯೂ ಇಲ್ಲ ಎಂದಿದ್ದಾರೆ. ಜನ ಮೊದಲ ಅರ್ಧ ನೆನಪಿಟ್ಟು ಎರಡನೆಯದನ್ನು ಮರೆತರು. ‘ಜಿಪಿಎ ಎಲ್ಲ ಬಂದ್ ಆಗಿದೆಯಂತೆ’ ಎಂದು ಹೆದರಿ ಬರುವವರಿಗೆ ನಾನು ಆ ಎರಡನೆಯ ಅರ್ಧವನ್ನು ಓದಿ ಹೇಳುತ್ತೇನೆ.

ಇನ್ನು ಸರಿಯಾದ ಅಧಿಕಾರ ಪತ್ರ ಹೇಗಿರಬೇಕು ಎಂಬುದಕ್ಕೆ ಬರೋಣ. ಇದಕ್ಕೆಂದೇ ಇರುವ ಪವರ್ಸ್ ಆಫ್ ಅಟಾರ್ನಿ ಕಾಯ್ದೆ 1882ರದು, ಬೆರಳೆಣಿಕೆಯ ಕಲಮುಗಳದು. ನಿರ್ದಿಷ್ಟ ವ್ಯಕ್ತಿಯೊಬ್ಬನಿಗೆ, ಬರೆದುಕೊಟ್ಟವನ ಪರವಾಗಿ, ಅವನ ಹೆಸರಿನಲ್ಲಿ ಕೆಲಸ ಮಾಡುವ ಅಧಿಕಾರ ಕೊಡುವ ಪತ್ರ ಎಂಬ ವಿವರಣೆಯೂ ಅದಕ್ಕೆ 1982ರಲ್ಲಿ ಸೇರಿದ್ದು. ಮದುವೆಯಾದ ಹೆಣ್ಣು ತಾನೇ ಅಧಿಕಾರ ಪತ್ರ ಕೊಡಬಹುದು ಎಂದು ಹೇಳಲು 1882ರಲ್ಲಿ ಒಂದು ಪ್ರತ್ಯೇಕ ಕಲಂ ಬೇಕಾಗಿತ್ತು, ಅದು ಇಂದಿಗೂ ಅಲ್ಲಿದೆ. ಮಿಕ್ಕೆಲ್ಲ ನಿಯಮಗಳೂ ಕರಾರು ಕಾಯ್ದೆ, ನೋಂದಣಿ ಕಾಯ್ದೆ, ಮುದ್ರಾಂಕ ಕಾಯ್ದೆಗಳಲ್ಲಿ ಹರಡಿಕೊಂಡಿವೆ. ಜನ ಗೊಂದಲಕ್ಕೆ ಬೀಳುವುದು ಇದರಿಂದಲೇ.

ಕೊಡುವವರು ವಯಸ್ಕರಾಗಿರಬೇಕು, ಸ್ವಸ್ಥಚಿತ್ತರಾಗಿರಬೇಕು. ಹಣ ಪಡೆಯಬೇಕಾಗಿಲ್ಲ, ಪ್ರತಿಫಲವಿಲ್ಲದೆಯೂ ಅಧಿಕಾರ ಊರ್ಜಿತ. ಸ್ವಸ್ಥಚಿತ್ತ ಎಂದರೆ ಏನು? ಕರಾರು ಕಾಯ್ದೆಯ ಕಲಂ 12ರ ಪ್ರಕಾರ, ಸಹಿ ಮಾಡುವ ಹೊತ್ತಿನಲ್ಲಿ ಆ ವ್ಯವಹಾರ ಏನೆಂದು ತಿಳಿಯಬೇಕು, ಅದರಿಂದ ತನಗೆ ಆಗುವ ಒಳಿತು ಕೆಡಕುಗಳನ್ನು ತೂಗಿ ನೋಡುವ ಶಕ್ತಿ ಇರಬೇಕು. ಅಳತೆ ಆ ಹೊತ್ತಿನದು. ಮರೆವು ಶುರುವಾದವರಿಗೂ ಕೆಲವು ಬೆಳಗಿನ ಹೊತ್ತು ಮನಸ್ಸು ಕನ್ನಡಿಯಂತಿರುತ್ತದೆ. ಆಗ ಮಾಡಿದ ಸಹಿ ನಿಲ್ಲುತ್ತದೆ. ಅಂಥ ಸಂದರ್ಭದಲ್ಲಿ ಅದೇ ದಿನದ ವೈದ್ಯರ ಪ್ರಮಾಣಪತ್ರ ಜೊತೆಗಿರಲಿ ಎನ್ನುತ್ತೇನೆ. ಮುಂದೆ ಯಾರಾದರೂ ತಕರಾರು ಎತ್ತಿದರೆ ಉತ್ತರ ಕೊಡುವುದು ಆ ಒಂದು ಹಾಳೆ.

ಆದರೆ ಆ ಸಹಿಯಾದ ಮೇಲೆ ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಅವರಿಗೆ ಮಗನ ಹೆಸರೇ ನೆನಪಿಲ್ಲದ ಸ್ಥಿತಿ ಬಂದರೆ? ಇಲ್ಲಿ ನಮ್ಮ ಕಾನೂನು ಹಿರಿಯರ ಕೈ ಬಿಟ್ಟಿದೆ ಎಂದು ನಾನು ನೋವಿನಿಂದ ಹೇಳುತ್ತೇನೆ. ಕಲಂ 201 ಸಾವು ಮತ್ತು ಬುದ್ಧಿಭ್ರಮಣೆ ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟಿದೆ. ಅಪ್ಪನಿಗೆ ಮರೆವಿನ ಕಾಯಿಲೆ ಬರಬಹುದು, ಆಗ ಮನೆ ವ್ಯವಹಾರ ನಾನು ನೋಡಿಕೊಳ್ಳಬೇಕು ಎಂದೇ ಮಗಳು ಅಧಿಕಾರ ಪತ್ರ ಮಾಡಿಸಿಕೊಂಡಿರುತ್ತಾಳೆ. ಕಾಯಿಲೆ ಬಲಿತ ದಿನವೇ, ಅದು ಹೆಚ್ಚು ಬೇಕಾದ ದಿನವೇ, ಆ ಪತ್ರ ಸತ್ತುಹೋಗುತ್ತದೆ. ಇಂಗ್ಲೆಂಡು 1985ರಲ್ಲೇ ಇದಕ್ಕೊಂದು ಕಾಯ್ದೆ ಮಾಡಿಕೊಂಡಿತು. 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯಿಂದ ಅದನ್ನು ಇನ್ನೂ ಗಟ್ಟಿ ಮಾಡಿತು. ಬುದ್ಧಿ ಸರಿಯಿದ್ದಾಗ ಕೊಟ್ಟ ಅಧಿಕಾರ ಬುದ್ಧಿ ಮಂಕಾದ ಮೇಲೂ ಉಳಿಯುವ ವ್ಯವಸ್ಥೆ ಅಲ್ಲಿದೆ, ಸಿಂಗಪುರದಲ್ಲಿಯೂ ಇದೆ. ನಮ್ಮಲ್ಲಿ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ಸ್ಥಿತಿಗಳಿಗೆ ಪೋಷಕರನ್ನು ನೇಮಿಸಲು ದಾರಿ ಮಾಡಿದೆ, ವಯಸ್ಸಾದವರ ಮರೆವಿನ ಕಾಯಿಲೆ ಆ ಪಟ್ಟಿಯಲ್ಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿಷಯದಲ್ಲಿ ಪ್ರತಿನಿಧಿಯನ್ನು ಹೆಸರಿಸಲು ಬಿಡುತ್ತದೆ, ಮನೆ ಮಾರಲು ಅಲ್ಲ. ಕೊನೆಗೆ ಕುಟುಂಬದವರು ಪೋಷಕತ್ವಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ನಿಮ್ಹಾನ್ಸ್ ನಮ್ಮ ಜಯನಗರದ ಪಕ್ಕದಲ್ಲೇ ಇದೆ. ಅಲ್ಲಿಯ ಕಾರಿಡಾರುಗಳಲ್ಲಿ ಕೈ ಹಿಡಿದು ಕೂತ ಎಷ್ಟೋ ಗಂಡ ಹೆಂಡಿರಿಗೆ ಔಷಧಿಯ ಚೀಟಿಯ ಜೊತೆಗೆ ಈ ಸಂಕಟವೂ ಇದೆ. ಸಂಸತ್ತು ಇದರ ಬಗ್ಗೆ ಕಾಯ್ದೆ ಮಾಡಬೇಕು. ಈ ವೇದಿಕೆಯಿಂದ ನಾನು ಮಾಡುವ ಒಂದೇ ಬೇಡಿಕೆ ಅದು.

ಅಲ್ಲಿಯವರೆಗೆ ಮಾಡಬಹುದಾದದ್ದು ಏನು? ಬ್ಯಾಂಕಿನ ಖಾತೆಗಳಲ್ಲಿ ಇನ್ನೊಬ್ಬರ ಹೆಸರು ಸೇರಿಸಿಕೊಳ್ಳುವುದು, ನಾಮಿನಿ ಬರೆಸುವುದು, ಉಯಿಲು ಮಾಡಿಡುವುದು. ಇವು ಜಿಪಿಎ ಮಾಡಲಾರದ ಕೆಲಸ ಮಾಡುತ್ತವೆ. ‘ನಾನು ಹೋದ ಮೇಲೆ ಮಗಳು ನೋಡಿಕೊಳ್ಳಲಿ’ ಎಂದು ಜಿಪಿಎಯಲ್ಲಿ ಬರೆಸುವವರನ್ನು ಕಂಡಿದ್ದೇನೆ. ನಾವು ಹೋದ ಮೇಲಿನ ಮಾತು ಉಯಿಲಿನಲ್ಲಿ ಇರಬೇಕು.

ಸಹಿ ಎಲ್ಲಿ ಮಾಡಬೇಕು? ಅತಿ ಹೆಚ್ಚು ತಪ್ಪು ನಡೆಯುವ ಜಾಗ ಇದು. ನೋಟರಿಯವರ ಮೇಜಿಗೆ ಹೋಗಿ, ಛಾಪಾ ಕಾಗದದ ಮೇಲೆ ಸಹಿ ಮಾಡಿ, ಕೆಂಪು ಮೊಹರು ಹಾಕಿಸಿಕೊಂಡು ಬಂದರೆ ಕೆಲಸ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ವಿದ್ಯುತ್ ಸಂಪರ್ಕ, ತೆರಿಗೆ, ಬಾಡಿಗೆ ವಸೂಲಿಯಂಥ ಕೆಲಸಕ್ಕೆ ಅದು ಸಾಕಾಗಬಹುದು. ಆದರೆ ಆಸ್ತಿಯ ಪತ್ರವನ್ನು ಸಬ್ ರಿಜಿಸ್ಟ್ರಾರ್ ಮುಂದೆ ಹಾಜರುಪಡಿಸಬೇಕಾದಾಗ 1908ರ ನೋಂದಣಿ ಕಾಯ್ದೆಯ ಕಲಂ 33 ಎದುರಾಗುತ್ತದೆ. ಅಧಿಕಾರ ಕೊಡುವವರು ಭಾರತದಲ್ಲೇ ವಾಸವಿದ್ದರೆ, ಅವರು ವಾಸಿಸುವ ಪ್ರದೇಶದ ರಿಜಿಸ್ಟ್ರಾರ್ ಅಥವಾ ಸಬ್ ರಿಜಿಸ್ಟ್ರಾರ್ ಮುಂದೆ ಸಹಿ ಮಾಡಿ, ಅವರಿಂದ ದೃಢೀಕರಣ ಪಡೆದಿರಬೇಕು. ನೋಟರಿ ಇಲ್ಲಿ ನಡೆಯುವುದಿಲ್ಲ. ಗಮನಿಸಿ, ನೋಡಬೇಕಾದದ್ದು ಆಸ್ತಿ ಎಲ್ಲಿದೆ ಎಂದಲ್ಲ, ಕೊಡುವವರು ಎಲ್ಲಿ ವಾಸವಿದ್ದಾರೆ ಎಂದು. ಬನಶಂಕರಿಯ ಮನೆಯ ಒಡತಿ ಈಗ ಮೈಸೂರಿನಲ್ಲಿ ಮಗಳ ಜೊತೆ ವಾಸವಿದ್ದರೆ ದೃಢೀಕರಣ ಮೈಸೂರಿನದಾಗಬೇಕು. ಅಧಿಕಾರ ಪಡೆದವನು ತಾನೇ ಕ್ರಯಪತ್ರಕ್ಕೆ ಸಹಿ ಮಾಡುವಾಗ ಈ ಕಲಂ ಎಷ್ಟರ ಮಟ್ಟಿಗೆ ಅನ್ವಯವಾಗುತ್ತದೆ ಎಂಬ ಬಗ್ಗೆ ಸುಪ್ರೀಂ ಕೋರ್ಟಿನಲ್ಲೇ ಚರ್ಚೆ ನಡೆದಿದೆ. ನಮಗೆ ಆ ಚರ್ಚೆ ಬೇಡ. ಕಲಂ 33ರಂತೆ ಮಾಡಿಸಿದ ಪತ್ರ ಎರಡು ಬಗೆಯ ಕೆಲಸಕ್ಕೂ ನಿಲ್ಲುತ್ತದೆ. ಸಾಕ್ಷಿಗಳು ಇರಲೇಬೇಕೆಂದು 1882ರ ಕಾಯ್ದೆ ಹೇಳುವುದಿಲ್ಲ, ಆದರೂ ಇಬ್ಬರು ಗೊತ್ತಿರುವವರ ಸಹಿ ಇರಲಿ.

ಹಾಸಿಗೆ ಹಿಡಿದವರು ಏನು ಮಾಡಬೇಕು? ದೇಹಸ್ಥಿತಿಯಿಂದ ಕಚೇರಿಗೆ ಬರಲಾರದವರಿಗೆ ಅದೇ ಕಲಂ 33 ರಿಯಾಯಿತಿ ಕೊಟ್ಟಿದೆ. ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ವಿಚಾರಿಸಬಹುದು, ಬೇರೊಬ್ಬ ಅಧಿಕಾರಿಯನ್ನು ಕಳಿಸಲೂಬಹುದು. ಇದು ಯಾರೋ ಮಾಡುವ ಉಪಕಾರವಲ್ಲ, ನೂರು ವರ್ಷಕ್ಕೂ ಹಳೆಯ ಕಾಯ್ದೆ ಕೊಟ್ಟ ಅವಕಾಶ. ವೀಲ್‌ಚೇರಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಮೆಟ್ಟಿಲ ಬಳಿ ನಿಂತ ಮಕ್ಕಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಹಾಗೆ ನಿಂತವರಲ್ಲಿ ನಾನೂ ಒಬ್ಬ. ನನ್ನ ತಾಯಿಗೆ ಆಗ ಎಂಬತ್ತಾರು. ಲಿಫ್ಟ್ ಇಲ್ಲದ ಒಂದು ಕಚೇರಿಯ ಮೊದಲ ಮಹಡಿಗೆ ಇಬ್ಬರು ಹುಡುಗರು ಅವರನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ವಕೀಲನಾದ ನನಗೆ ಕಲಂ ಗೊತ್ತಿತ್ತು, ಅವತ್ತಿನ ಆತುರದಲ್ಲಿ ಬಳಸಿಕೊಳ್ಳಲಿಲ್ಲ. ಆ ಕುರ್ಚಿಯ ಕೈಯನ್ನು ಅಮ್ಮ ಬಿಗಿಯಾಗಿ ಹಿಡಿದಿದ್ದು ಇನ್ನೂ ಕಣ್ಣ ಮುಂದಿದೆ.

ವಿದೇಶದಲ್ಲಿ ಇರುವವರು ಅಲ್ಲಿಂದ ಅಧಿಕಾರ ಕಳಿಸಬೇಕಾದರೆ ದಾರಿ ಬೇರೆ. ಅಲ್ಲಿಯ ನೋಟರಿ, ನ್ಯಾಯಾಲಯ, ನ್ಯಾಯಾಧೀಶರು, ಇಲ್ಲವೆ ಭಾರತದ ಕಾನ್ಸುಲೇಟಿನ ಅಧಿಕಾರಿ, ಇವರಲ್ಲಿ ಒಬ್ಬರ ಮುಂದೆ ಸಹಿ ಮಾಡಿ ದೃಢೀಕರಣ ಪಡೆಯಬೇಕು. ನೋಟರಿ ಮುಂದೆ ಮಾಡಿದರೆ ಅಪೊಸ್ಟಿಲ್ ಮುದ್ರೆಯನ್ನೂ ಹಾಕಿಸುವುದು ಒಳ್ಳೆಯದು. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಿಕೊಳ್ಳಲೆಂದು ಇರುವ ಮುದ್ರೆ ಅದು, ಅದರ ಹೇಗ್ ಒಪ್ಪಂದ ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ನನ್ನ ಅನುಭವದಲ್ಲಿ ಕಾನ್ಸುಲೇಟಿನ ಮುಂದೆ ಮಾಡಿದ ಸಹಿಗೆ ಇಲ್ಲಿ ಪ್ರಶ್ನೆಗಳು ಕಡಿಮೆ. ಒಂದು ದಿನ ರಜೆ ಹಾಕಿ ಹೋಗಿಬನ್ನಿ ಎಂದು ಮಕ್ಕಳಿಗೆ ಹೇಳುತ್ತೇನೆ.

ಆ ಕಾಗದ ಕೊರಿಯರಿನಲ್ಲಿ ಇಲ್ಲಿಗೆ ಬಂದ ಮೇಲೆ ಮೂರು ತಿಂಗಳ ಗಡುವು ಶುರುವಾಗುತ್ತದೆ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ ಕಲಂ 18ರ ಪ್ರಕಾರ, ಹೊರದೇಶದಲ್ಲಿ ಬರೆದ ಪತ್ರಕ್ಕೆ ಅದು ರಾಜ್ಯಕ್ಕೆ ಬಂದ 3 ತಿಂಗಳೊಳಗೆ ಇಲ್ಲಿಯ ಶುಲ್ಕ ಕಟ್ಟಿ ಮುದ್ರೆ ಹಾಕಿಸಬೇಕು. ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಇದಾಗುತ್ತದೆ, ನಮ್ಮ ಕಡೆಯವರಿಗೆ ಜಯನಗರ ಮತ್ತು ಬಸವನಗುಡಿ ನೋಂದಣಿ ಜಿಲ್ಲೆಗಳಿವೆ. ಯಾವ ದಿನ ಬಂದಿತು ಎಂದು ತೋರಿಸಲು ಕೊರಿಯರಿನ ಲಕೋಟೆ ಬೇಕು. ಕಾಗದ ತೆಗೆದುಕೊಂಡು ಲಕೋಟೆಯನ್ನು ಕಸಕ್ಕೆ ಹಾಕುವುದು ನಮ್ಮ ಮನೆಗಳ ಅಭ್ಯಾಸ. ಇದೊಂದು ಲಕೋಟೆಯನ್ನು ದೇವರ ಮನೆಯಲ್ಲಾದರೂ ಇಟ್ಟುಕೊಳ್ಳಿ.

ಛಾಪಾ ಶುಲ್ಕದ ವಿಷಯ ಬಂದಿತು. ದರಗಳು ಬದಲಾಗುತ್ತಿರುತ್ತವೆ, ಅವನ್ನು ಇಲ್ಲಿ ಓದುವುದಿಲ್ಲ. ತತ್ವ ಮಾತ್ರ ತಿಳಿದಿರಲಿ. ಮುದ್ರಾಂಕ ಕಾಯ್ದೆಯ ಅನುಸೂಚಿಯ 41ನೆಯ ಬಾಬಿನ ಪ್ರಕಾರ, ಕರ್ನಾಟಕದ ಸ್ಥಿರಾಸ್ತಿಯನ್ನು ಮಾರುವ ಅಧಿಕಾರವನ್ನು ತಂದೆ, ತಾಯಿ, ಗಂಡ, ಹೆಂಡತಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ ಇವರನ್ನು ಬಿಟ್ಟು ಬೇರೆಯವರಿಗೆ ಕೊಟ್ಟರೆ ಕ್ರಯಪತ್ರಕ್ಕೆ ಕಟ್ಟುವಷ್ಟೇ ಶುಲ್ಕ ಕಟ್ಟಬೇಕು. ಅಳಿಯ, ಭಾವಮೈದುನ, ಅಣ್ಣನ ಮಗ ಎಷ್ಟೇ ಹತ್ತಿರದವರಾದರೂ ಆ ಪಟ್ಟಿಯಲ್ಲಿ ಇಲ್ಲ. ಮಗಳು ದೂರದಲ್ಲಿದ್ದಾಳೆ, ಅಳಿಯ ಇಲ್ಲೇ ಇದ್ದಾನೆ ಎಂದು ಅವನ ಹೆಸರಿಗೆ ನೂರಿನ್ನೂರರ ಕಾಗದದಲ್ಲಿ ಮಾರುವ ಅಧಿಕಾರ ಬರೆದವರು ಕಡೆಗೆ ಪೇಚಿಗೆ ಸಿಕ್ಕಿದ್ದಾರೆ. ಶುಲ್ಕ ಕಡಿಮೆ ಬಿದ್ದ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕೊರತೆಯ ಹಣವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿದ ಮೇಲಷ್ಟೇ ಅದಕ್ಕೆ ಬೆಲೆ.

ಪತ್ರದೊಳಗೆ ಏನು ಬರೆಯಬೇಕು ಎಂಬುದು ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ನ್ಯಾಯಾಲಯಗಳು ಅಧಿಕಾರ ಪತ್ರವನ್ನು ಬಿಗಿಯಾಗಿ ಓದುತ್ತವೆ. ಬರೆದದ್ದಷ್ಟೇ ಅಧಿಕಾರ, ಊಹೆಗೆ ಜಾಗವಿಲ್ಲ. ಕೇರಳದ ಒಂದು ಮನೆಯಲ್ಲಿ ಒಬ್ಬ ಮಹಿಳೆ 1971ರಲ್ಲಿ ತನ್ನ ಸಹೋದರಿಗೆ ಅಧಿಕಾರ ಪತ್ರ ಕೊಟ್ಟು 1985ರಲ್ಲಿ ರದ್ದು ಮಾಡಿದ್ದರು. ಅಷ್ಟರಲ್ಲಿ ಸಹೋದರಿ ಜಮೀನನ್ನು ಮಾರಿಬಿಟ್ಟಿದ್ದರು. ಪತ್ರದಲ್ಲಿ ಗುತ್ತಿಗೆ ಕೊಡುವ, ಅಡವಿಡುವ ಅಧಿಕಾರ ಇತ್ತು. ಮಾರುವ ಮಾತು ಇರಲಿಲ್ಲ. ಅಡವಿಡಬಹುದು ಎಂದ ಮೇಲೆ ಮಾರಬಹುದು ಎಂದೂ ಅರ್ಥ ಎಂಬ ವಾದವನ್ನು ಸುಪ್ರೀಂ ಕೋರ್ಟು 2022ರ ಏಪ್ರಿಲ್ 1ರಂದು ತಳ್ಳಿಹಾಕಿತು. ಒಂದು ಕ್ರಿಯಾಪದ ಬಿಟ್ಟುಹೋಗಿದ್ದು ಆ ಮಹಿಳೆಯ ಆಸ್ತಿಯನ್ನು ಕಾಪಾಡಿತು.

ಅಂದಮೇಲೆ ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಗೆ ಹೆಸರು ತುಂಬಿಸಿ ಸಹಿ ಹಾಕುವುದರ ಅಪಾಯ ಎಷ್ಟೆಂದು ಯೋಚಿಸಿ. ಅದರಲ್ಲಿ ಮಾರುವುದು, ಅಡವಿಡುವುದು, ದಾನ ಕೊಡುವುದು, ಮುಂಗಡ ಹಣ ಪಡೆಯುವುದು ಎಲ್ಲವೂ ಸಾಲುಗಟ್ಟಿ ನಿಂತಿರುತ್ತವೆ. ಅಷ್ಟೂ ಇಂಗ್ಲಿಷಿನಲ್ಲಿ. ನಲವತ್ತು ವರ್ಷ ಕನ್ನಡದಲ್ಲಿ ಮನೆಯ ಲೆಕ್ಕ ಬರೆದ ಗೃಹಿಣಿ, ತನ್ನ ಮನೆಯನ್ನೇ ಬೇರೆಯವರ ಕೈಗೆ ಕೊಡುವ ಕಾಗದಕ್ಕೆ ತನಗೆ ಓದಲು ಬಾರದ ಭಾಷೆಯಲ್ಲಿ ಸಹಿ ಮಾಡುತ್ತಾಳೆ. ನನಗೆ ಇದನ್ನು ಸಹಿಸಲು ಆಗುವುದಿಲ್ಲ. ಕರ್ನಾಟಕದ ನೋಂದಣಿ ಕಚೇರಿಗಳಲ್ಲಿ ಕನ್ನಡದ ದಸ್ತಾವೇಜಿಗೆ ಯಾವ ಅಡ್ಡಿಯೂ ಇಲ್ಲ. ನಮ್ಮ ಪತ್ರ ಬರಹಗಾರರು ತಲೆಮಾರುಗಳಿಂದ ಚೆಕ್ಕುಬಂದಿ ಸಮೇತ ಸೊಗಸಾಗಿ ಬರೆದುಕೊಂಡು ಬಂದಿದ್ದಾರೆ. ಕನ್ನಡದಲ್ಲಿ ಬರೆಸಿ. ಬ್ಯಾಂಕಿಗೋ ವಿದೇಶಕ್ಕೋ ಇಂಗ್ಲಿಷ್ ಬೇಕಾದರೆ, ಇದನ್ನು ಕನ್ನಡದಲ್ಲಿ ಓದಿ ತಿಳಿಸಲಾಗಿದೆ, ಅವರು ಅರ್ಥ ಮಾಡಿಕೊಂಡು ಸಹಿ ಮಾಡಿದ್ದಾರೆ ಎಂಬ ಒಕ್ಕಣೆ ಹಾಕಿಸಿ, ನಿಜವಾಗಿಯೂ ಓದಿ ತಿಳಿಸಿ. ಒತ್ತಾಯದಿಂದಲೋ ಮನಸ್ಸಿನ ಮೇಲೆ ಪ್ರಭಾವ ಬೀರಿಯೋ ಬರೆಸಿಕೊಂಡಿದ್ದಾರೆ ಎಂಬ ಮಾತು ಬಂದಾಗ ಆ ಓದಿನ ನೆನಪೇ ಸಾಕ್ಷಿಗೆ ನಿಲ್ಲುತ್ತದೆ.

ಒಂದೇ ಕೆಲಸಕ್ಕಾದರೆ ಜಿಪಿಎ ಬೇಡ, ಆ ಕೆಲಸಕ್ಕಷ್ಟೇ ಸೀಮಿತವಾದ ಸ್ಪೆಷಲ್ ಪವರ್ ಆಫ್ ಅಟಾರ್ನಿ, ಅಂದರೆ ಎಸ್‌ಪಿಎ ಸಾಕು. ಒಂದು ಫ್ಲ್ಯಾಟು, ಒಂದು ಕ್ರಯ, ಇಂತಿಷ್ಟು ತಿಂಗಳು. ಇಬ್ಬರಿಗೆ ಅಧಿಕಾರ ಕೊಟ್ಟರೆ ಇಬ್ಬರೂ ಸೇರಿಯೇ ಸಹಿ ಮಾಡಬೇಕೇ, ಒಬ್ಬರು ಮಾಡಿದರೂ ಸಾಕೇ ಎಂದು ಬರೆಯಿರಿ. ಪಡೆದವರು ಬೇರೊಬ್ಬರಿಗೆ ಅದನ್ನು ದಾಟಿಸಬಾರದು ಎಂಬುದು ಕರಾರು ಕಾಯ್ದೆಯ ಸಾಮಾನ್ಯ ನಿಯಮ. ನೀವು ಬರೆದುಕೊಟ್ಟರೆ ದಾಟುತ್ತದೆ, ಆದ್ದರಿಂದ ಸಿದ್ಧ ನಮೂನೆಯಲ್ಲಿ ಆ ಸಾಲು ಇದೆಯೇ ಎಂದು ಹುಡುಕಿ ಹೊಡೆದುಹಾಕಿ. ಪಡೆದವರು ಲೆಕ್ಕ ಒಪ್ಪಿಸಬೇಕು, ಇದು ಮಗನಿಗೂ ಅನ್ವಯ. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ ಎಂದು ತಾಯಂದಿರಿಗೆ ಒಪ್ಪಿಸುವುದು ನನಗೆ ಯಾವಾಗಲೂ ಕಷ್ಟವಾಗಿದೆ.

ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ವಿಷಯದಲ್ಲಿ ಒಂದು ಮಿತಿಯಿದೆ. ಅಧಿಕಾರ ಪಡೆದವರು ನಿಮ್ಮ ಪರವಾಗಿ ದಾವೆ ನಡೆಸಬಹುದು, ಆದರೆ ನಿಮಗೆ ಮಾತ್ರ ಗೊತ್ತಿರುವ ಸಂಗತಿಯನ್ನು ನಿಮ್ಮ ಬದಲಾಗಿ ಅವರು ಸಾಕ್ಷಿ ಕಟ್ಟೆಯಲ್ಲಿ ಹೇಳುವಂತಿಲ್ಲ. ಇಂಡಸ್‌ಇಂಡ್ ಬ್ಯಾಂಕು ಕಕ್ಷಿಯಾಗಿದ್ದ ಒಂದು ಪ್ರಕರಣದಲ್ಲಿ 2004ರಲ್ಲೇ ಸುಪ್ರೀಂ ಕೋರ್ಟು ಇದನ್ನು ತೀರ್ಮಾನಿಸಿದೆ.

ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಹೇಗೆ? ಮೂಲ ಪತ್ರ ಎಲ್ಲಿ ದೃಢೀಕರಣವಾಯಿತೋ, ನೋಂದಣಿಯಾಯಿತೋ, ಅಲ್ಲಿಯೇ ರದ್ದತಿ ಪತ್ರ ಮಾಡಿಸಿ. ಅಧಿಕಾರ ಪಡೆದವರಿಗೆ, ತಲುಪಿದ ದಾಖಲೆ ಸಿಗುವಂತೆ, ಅಂಚೆಯಲ್ಲಿ ನೋಟಿಸು ಕಳಿಸಿ. ಬ್ಯಾಂಕಿಗೆ, ಬಾಡಿಗೆದಾರರಿಗೆ, ಅಪಾರ್ಟ್‌ಮೆಂಟಿನ ಸಂಘಕ್ಕೆ ತಿಳಿಸಿ. ಮೂಲ ಪ್ರತಿಯನ್ನು ವಾಪಸು ಪಡೆಯಿರಿ. ಕರಾರು ಕಾಯ್ದೆಯ ಕಲಂ 208ರ ಪ್ರಕಾರ, ಅಧಿಕಾರ ಪಡೆದವರಿಗೆ ರದ್ದತಿ ಲೆಕ್ಕಕ್ಕೆ ಬರುವುದು ಅವರಿಗೆ ತಿಳಿದ ಮೇಲೆ, ಹೊರಗಿನವರಿಗೆ ಲೆಕ್ಕಕ್ಕೆ ಬರುವುದು ಹೊರಗಿನವರಿಗೆ ತಿಳಿದ ಮೇಲೆ. ತಿಳಿಸದೆ ರದ್ದು ಮಾಡಿ ಸುಮ್ಮನಿದ್ದರೆ ಆ ನಡುವೆ ನಡೆದ ವ್ಯವಹಾರ ನಿಮ್ಮ ಕೊರಳಿಗೇ ಬೀಳಬಹುದು.

ಒಂದು ಸಂಜೆಯ ಪ್ರಸಂಗ ಹೇಳಿ ನಿಲ್ಲಿಸುತ್ತೇನೆ. ಜೆ.ಪಿ. ನಗರದ ಒಂದು ಮನೆ. ಮಗ ರಜೆಗೆ ಬಂದಿದ್ದ, ವಾರದಲ್ಲಿ ಹಿಂದಿರುಗಬೇಕಿತ್ತು. ಅಮ್ಮನ ಹೆಸರಿನ ಮನೆ, ಕೆಳಗೆ ಇಬ್ಬರು ಬಾಡಿಗೆದಾರರು. ಮಗನ ಹೆಸರಿಗೆ ಅಧಿಕಾರ ಪತ್ರ ಸಿದ್ಧವಾಗಿತ್ತು, ಕನ್ನಡದಲ್ಲಿ. ಮಾರನೆಯ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದಿತ್ತು. ನಾನು ಒಂದೊಂದೇ ಸಾಲು ಓದುತ್ತಾ ಹೋದೆ. ಅವರು ಹುರುಳಿಕಾಯಿ ನಾರು ತೆಗೆಯುತ್ತಾ ಕೇಳುತ್ತಿದ್ದರು. ಬಾಡಿಗೆ ವಸೂಲಿ, ‘ಹೂಂ’. ಕಂದಾಯ, ‘ಹೂಂ’. ಕೋರ್ಟು ಕಚೇರಿ, ‘ಹೂಂ’. ಐದನೆಯ ಸಾಲಿಗೆ ಬಂದಾಗ ಕೈ ನಿಂತಿತು.

‘ಅದೇನಂದ್ರಿ, ಇನ್ನೊಂದ್ಸಲ ಓದಿ.’

ಸದರಿ ಸ್ವತ್ತನ್ನು ಕ್ರಯಕ್ಕೆ ಕೊಡಲು, ಎಂದು ಓದಿದೆ.

‘ಅದು ಬೇಡ. ಅವನ ಮೇಲೆ ಅನುಮಾನ ಅಂತ ಅಲ್ಲ. ಮಾರೋ ಕಾಲ ಬಂದ್ರೆ ನಾನೇ ಬಂದು ಸಹಿ ಹಾಕ್ತೀನಿ, ಎತ್ಕೊಂಡಾದ್ರೂ ಹೋಗಿ.’

ಮಗ ಏನೂ ಹೇಳಲಿಲ್ಲ. ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಐದನೆಯ ಸಾಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದು, ಹೊಸದಾಗಿ ಟೈಪ್ ಮಾಡಿಸಿ ತರಲು ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಹೊರಟ. ಅಂಗಡಿ ಎಂಟಕ್ಕೆ ಮುಚ್ಚುತ್ತದೆ, ಬೇಗ ಹೋಗು ಎಂದು ಅಮ್ಮ ಒಳಗಿನಿಂದ ಕೂಗಿದರು.